ಸುರಂಗ ತೋಡುವ ಮೊದಲು ಲೆಕ್ಕ ತೋರಿಸಿ

ಬೆಂಗಳೂರಿನ ಸುರಂಗ ರಸ್ತೆಯ ವಿವರವಾದ ಯೋಜನಾ ವರದಿಯಲ್ಲಿ ಮಹಾರಾಷ್ಟ್ರದ ಮಾಲೆಗಾಂವ್, ನಾಸಿಕ್ ಹೆಸರು ನಕಲಾಗಿ ಕಾಣಿಸಿಕೊಂಡಾಗ ಊರೆಲ್ಲ ನಕ್ಕಿತು. ಪಾಲಿಕೆ ಸಲಹಾ ಸಂಸ್ಥೆಗೆ 5 ಲಕ್ಷ ರೂಪಾಯಿ ದಂಡ ಹಾಕಿ ಕೈತೊಳೆದುಕೊಂಡಿತು. ಟೋಲ್ ಕಟ್ಟಿ ಬಳಸಬೇಕಾದ ಈ ಸುರಂಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿ.ಮೀ., ಅಂದಾಜು ವೆಚ್ಚ 17,698 ಕೋಟಿ ರೂಪಾಯಿ. ಇಷ್ಟು ದೊಡ್ಡ ಮೊತ್ತದ ವರದಿಯನ್ನು ಒಪ್ಪಿಕೊಂಡವರು ಓದಿದ್ದರೇ ಎಂದು ಕೇಳುವುದು ಸಹಜ. ನನ್ನ ತಕರಾರು ಮಾತ್ರ ನಕಲಿನ ಬಗ್ಗೆ ಅಲ್ಲ, ಮುಂದೆ ಎಷ್ಟು ವಾಹನ ಬರುತ್ತವೆ ಎಂದು ನಾವು ಲೆಕ್ಕ ಹಾಕುವ ರೀತಿಯ ಬಗ್ಗೆ.

ಆ ಲೆಕ್ಕ ಶುರುವಾಗುವುದು ಜಂಕ್ಷನ್‌ಗಳಲ್ಲಿ. ಕ್ಯಾಮೆರಾ ಇಟ್ಟೋ, ಹಾಳೆ ಪೆನ್ನು ಕೊಟ್ಟು ಹುಡುಗರನ್ನು ನಿಲ್ಲಿಸಿಯೋ ವಾಹನ ಎಣಿಸುತ್ತಾರೆ. ಆಮೇಲೆ ಎಲ್ಲವನ್ನೂ ಕಾರಿನ ಅಳತೆಗೆ ಇಳಿಸುತ್ತಾರೆ. ಕಾರು ಒಂದು, ಬೈಕು ಅರ್ಧವೋ ಮುಕ್ಕಾಲೋ, ಬಸ್ಸು ಸುಮಾರು ಮೂರು. ನಿಂತವರೂ ಸೇರಿ ಎಪ್ಪತ್ತು ಜನರನ್ನು ಹೊತ್ತ ಬಿಎಂಟಿಸಿ ಬಸ್ಸು, ಒಬ್ಬೊಬ್ಬರೇ ಕೂತ ಮೂರು ಕಾರಿಗೆ ಸಮ! ನಡೆದು ಹೋಗುವವರು ಈ ಲೆಕ್ಕಕ್ಕೇ ಇಲ್ಲ. ರಸ್ತೆಯಲ್ಲಿ ಎಷ್ಟು ಜಾಗ ಬೇಕೆಂದು ಅಳೆಯಲು ಇದು ಸಾಕು. ಎಷ್ಟು ಜನ ಎಲ್ಲಿಗೆ, ಯಾಕೆ ಹೋಗುತ್ತಾರೆಂದು ಇದು ಹೇಳುವುದಿಲ್ಲ.

ಆ ಅಂಕಿಯ ಮೇಲೆ ಬೆಳವಣಿಗೆ ದರ ಹೇರಲಾಗುತ್ತದೆ. ವರ್ಷಕ್ಕೆ ಶೇ 5 ಎಂದಿಟ್ಟರೆ 20 ವರ್ಷದಲ್ಲಿ ವಾಹನ ಎರಡೂವರೆ ಪಟ್ಟು ಮೀರುತ್ತದೆ, ಸುರಂಗ ಅನಿವಾರ್ಯ ಎನಿಸುತ್ತದೆ. ಶೇ 2 ಎಂದಿಟ್ಟರೆ ಒಂದೂವರೆ ಪಟ್ಟೂ ಆಗದು. ಈ ಒಂದು ಅಂಕಿಯನ್ನು ಆರಿಸುವವರು ಯಾರು? ಯೋಜನೆ ಬೇಕೆಂದವರು ಹಣ ಕೊಟ್ಟು ನೇಮಿಸಿದ ಸಲಹೆಗಾರರು. ಮದುವೆ ಮಾಡಿಸಿಯೇ ತೀರಬೇಕೆಂದು ಹೊರಟ ದಲ್ಲಾಳಿಗೆ ಕೂಡದ ಜಾತಕವೇ ಇಲ್ಲ.

ಇನ್ನೊಂದು ಸಂಗತಿ. ಇದೇ ಹೆಬ್ಬಾಳ, ಇದೇ ಸಿಲ್ಕ್ ಬೋರ್ಡನ್ನು ಹೊರವರ್ತುಲ ರಸ್ತೆಯ ಮೂಲಕ ಜೋಡಿಸಿ ವಿಮಾನ ನಿಲ್ದಾಣ ಮುಟ್ಟಲಿರುವ ಮೆಟ್ರೊ ನೀಲಿ ಮಾರ್ಗಕ್ಕೂ ನಾವು ತೆರಿಗೆ ಕಟ್ಟುತ್ತಿದ್ದೇವೆ. ಮೆಟ್ರೊ ತುಂಬಿದರೆ ಸುರಂಗಕ್ಕೆ ಗಿರಾಕಿ ಕಡಿಮೆ, ಸುರಂಗ ತುಂಬಿದರೆ ಮೆಟ್ರೊಗೆ ನಷ್ಟ. ಒಬ್ಬನೇ ಪ್ರಯಾಣಿಕನನ್ನು ಎರಡು ಕಡತದಲ್ಲೂ ಎಣಿಸಿಲ್ಲ ಎಂದು ಯಾರಾದರೂ ಖಾತರಿ ಕೊಡಲಿ. ಅಲ್ಲದೆ, ಈ ನಗರದ ನೋಂದಾಯಿತ ವಾಹನಗಳಲ್ಲಿ ಹೆಚ್ಚುಕಮ್ಮಿ ಮೂರನೇ ಎರಡು ಭಾಗ ದ್ವಿಚಕ್ರದವು. ಸುರಂಗದಲ್ಲಿ ಅವಕ್ಕೆ ಪ್ರವೇಶವಿಲ್ಲ.

ಮೆಟ್ರೊ ಪರ ವಾದಿಸುವ ನನ್ನಂಥವರೂ ಬೀಗಬೇಕಿಲ್ಲ. 14 ದೇಶಗಳ 210 ಯೋಜನೆಗಳನ್ನು ಪರಿಶೀಲಿಸಿ ಸಂಶೋಧಕ ಬೆಂಟ್ ಫ್ಲೂಬ್ಯಾರ್ಗ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹತ್ತರಲ್ಲಿ ಒಂಬತ್ತು ರೈಲು ಯೋಜನೆಗಳು ಪ್ರಯಾಣಿಕರನ್ನು ಹಿಗ್ಗಿಸಿ ತೋರಿಸಿದ್ದವು. ರಸ್ತೆಗಳಲ್ಲೂ ಅರ್ಧದಷ್ಟರ ಅಂದಾಜು ಶೇ 20ಕ್ಕಿಂತ ಹೆಚ್ಚು ತಪ್ಪಿತ್ತು.

ಭವಿಷ್ಯ ಯಾರಿಗೆ ಗೊತ್ತು ಎನ್ನುವವರಿಗೆ ಅರ್ಥಶಾಸ್ತ್ರಜ್ಞ ಡೇನಿಯಲ್ ಮೆಕ್‌ಫ್ಯಾಡನ್ ಅವರ ಕೆಲಸವೇ ಉತ್ತರ. ಸ್ಯಾನ್ ಫ್ರಾನ್ಸಿಸ್ಕೊದ ಜನರ ಪ್ರಯಾಣದಲ್ಲಿ ಬಾರ್ಟ್ ರೈಲಿನ ಪಾಲು ಶೇ 15 ಎಂದು ಅಧಿಕೃತ ಅಂದಾಜು ಹೇಳಿತ್ತು. ಜನ ಸಮಯ, ಹಣ, ಕಾಯುವಿಕೆಯನ್ನು ಹೇಗೆ ತೂಗಿ ಆರಿಸಿಕೊಳ್ಳುತ್ತಾರೆಂದು ಅಭ್ಯಸಿಸಿ ಮೆಕ್‌ಫ್ಯಾಡನ್ ತಂಡ ಶೇ 6.3 ಎಂದಿತು. ಆದದ್ದು ಶೇ 6.2. ಅವರಿಗೆ 2000ದಲ್ಲಿ ನೊಬೆಲ್ ಬಂತು. ಅಂದರೆ ವಿದ್ಯೆಯ ಕೊರತೆಯಿಲ್ಲ. ಕೊರತೆಯಿರುವುದು ಸರಿಯಾದ ಉತ್ತರ ಬೇಕೆಂಬ ಮನಸ್ಸಿನದು.

ತಪ್ಪಿದ ಅಂದಾಜಿಗೆ ಬೆಲೆ ತೆತ್ತ ಉದಾಹರಣೆಯೂ ಇದೆ. ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ 2010ರಲ್ಲಿ ತೆರೆದ ಕ್ಲೆಮ್7 ಟೋಲ್ ಸುರಂಗಕ್ಕೆ ಅಂದಾಜಿನ ಅರ್ಧದಷ್ಟೂ ವಾಹನ ಬರಲಿಲ್ಲ. ಒಂದೇ ವರ್ಷದಲ್ಲಿ ಅದನ್ನು ನಡೆಸುತ್ತಿದ್ದ ಕಂಪನಿ ಮುಳುಗಿತು. ಹೂಡಿಕೆದಾರರು ಸಂಚಾರ ಅಂದಾಜು ಕೊಟ್ಟ ಸಲಹಾ ಸಂಸ್ಥೆಯನ್ನೇ ಕೋರ್ಟಿಗೆಳೆದರು, 2015ರಲ್ಲಿ ಅದು ಕೋಟ್ಯಂತರ ಡಾಲರ್ ತೆತ್ತು ರಾಜಿಯಾಯಿತು. ಅಲ್ಲಿ ಕೇಳುವವರಿದ್ದರು, ಕಳೆದದ್ದು ಅವರದೇ ಹಣ. ಇಲ್ಲಿ ಸರ್ಕಾರವೂ ಪಾಲು ಹಾಕುವ ಯೋಜನೆಯ ಅಂದಾಜು ತಪ್ಪಿದರೆ ಹೊಣೆ ಯಾರದು? ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಸಮೀಕ್ಷೆಯ ಕಚ್ಚಾ ದತ್ತಾಂಶ, ಬೆಳವಣಿಗೆ ದರ, ಟೋಲ್ ಏರಿದರೆ ಎಷ್ಟು ಜನ ದೂರ ಸರಿಯುತ್ತಾರೆಂಬ ಲೆಕ್ಕ, ನೀಲಿ ಮಾರ್ಗ ಓಡಿದ ಮೇಲಿನ ಲೆಕ್ಕ, ಎಲ್ಲವೂ ಸಾರ್ವಜನಿಕರ ಮುಂದೆ ಬರಲಿ. ಯೋಜನೆಗೆ ಸಂಬಂಧವಿಲ್ಲದ ತಜ್ಞರು ಆ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಲಿ. ತಪ್ಪಿದ ಅಂದಾಜಿಗೆ 5 ಲಕ್ಷವಲ್ಲ, ಯೋಜನೆಯ ಗಾತ್ರಕ್ಕೆ ತಕ್ಕ ದಂಡ ಒಪ್ಪಂದದಲ್ಲೇ ಇರಲಿ.