ಜೌಗು ಪಾಳುನೆಲವಲ್ಲ



ಬಸಿಗಾಲುವೆ ಇಲ್ಲದೆ ಅಡಿಕೆ ತೋಟವಿಲ್ಲವೆಂಬುದನ್ನು ನಮಗಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ, ಜಾರ್ಜಿಯಾ ರಾಜ್ಯದ ಓಕೆಫೆನೋಕಿ ಜೌಗಿನಲ್ಲಿ ಕಂಡ ಒಂದು ಕಾಲುವೆ ನಮ್ಮನ್ನು ಯೋಚನೆಗೆ ಹಚ್ಚಿತು.

ಸುಮಾರು 4 ಲಕ್ಷ ಎಕರೆ ಪ್ರದೇಶವದು. ನೀರು ಕಾಫಿ ಡಿಕಾಕ್ಷನ್ನಿನಂತೆ ಕಪ್ಪು. ಕೊಳೆತ ಸೊಪ್ಪುಸದೆಯ ಪದರ ಕೆಲವೆಡೆ 15 ಅಡಿ ದಪ್ಪ. ಕಾಲಿಟ್ಟರೆ ನೆಲವೇ ನಡುಗುತ್ತದೆ. 1891ರಲ್ಲಿ ಒಂದು ಕಂಪೆನಿ ಇದನ್ನು ಬಸಿದು ಸಾಗುವಳಿ ಮಾಡಲು ಹೊರಟಿತು. ಸುಮಾರು 12 ಮೈಲಿ ಕಾಲುವೆ ತೋಡುವಷ್ಟರಲ್ಲಿ ಕಂಪೆನಿಯೇ ಬತ್ತಿತು, ಜೌಗು ಬತ್ತಲಿಲ್ಲ. ಅನಂತರ ಮರದ ಕಂಪೆನಿಯೊಂದು 1927ರವರೆಗೆ ರೈಲುಹಳಿ ಹಾಕಿ ಹಳೆಯ ಸೈಪ್ರೆಸ್ ಮರಗಳನ್ನು ಸಾಗಿಸಿತು. 1937ರಲ್ಲಿ ಅದು ವನ್ಯಜೀವಿಧಾಮವಾಯಿತು. 1974ರಲ್ಲಿ ಬಹುಭಾಗಕ್ಕೆ ಇನ್ನೂ ಬಿಗಿಯಾದ ಕಾಯಿದೆಯ ರಕ್ಷಣೆ ದೊರೆಯಿತು. ಇಂದು ಅದೇ ಕಾಲುವೆಯಲ್ಲಿ ಪ್ರವಾಸಿಗರ ದೋಣಿ ಸಾಗುತ್ತದೆ. ನಾವೂ ಕುಳಿತೆವು.

ಅಂಚಿನ ದಿಬ್ಬಗಳಲ್ಲಿ ಪೈನ್ ಕಾಡು. ಅಲ್ಲಿ ಹದವರಿತು ಬೆಂಕಿ ಹಾಕುತ್ತಾರೆ. ಪೊದೆ ಸುಟ್ಟರೆ ಮಾತ್ರ ಪೈನ್ ಸಸಿಗೆ ಬಿಸಿಲು. ಈ ಪಾಠವನ್ನು ಯಾರೂ ನಮ್ಮ ಕಾನಿಗೆ ತರಬೇಡಿ, ಇಲ್ಲಿ ಬೆಂಕಿ ವೈರಿಯೇ. ತರಬೇಕಾದ ಪಾಠ ಬೇರೆ.

ನೀರಿನಿಂದ ಮೊಣಕಾಲಿನಂತೆ ಎದ್ದ ಸೈಪ್ರೆಸ್ ಬೇರುಗಳನ್ನು ಕಂಡಾಗ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿ ನೆನಪಾಯಿತು. ಅಲ್ಲಿಯೂ ಬೇರುಗಳು ಹಾಗೆಯೇ. ಇಂಥ ಎಷ್ಟೋ ಜಡ್ಡಿಗಳು ಗದ್ದೆಯಾದವು, ತೋಟವಾದವು. ತೋಡಿದವರು ಹೊರಗಿನ ಕಂಪೆನಿಯವರಲ್ಲ, ನಮ್ಮ ಹಿರಿಯರು, ಹೊಟ್ಟೆಪಾಡಿಗಾಗಿ ತೋಡಿದರು. ಅವರನ್ನು ದೂರುವುದಿಲ್ಲ.

ದೂರಬೇಕಾದರೆ ನಮ್ಮನ್ನೇ. ಹದಿನೈದು ವರ್ಷಗಳ ಹಿಂದೆ ತೋಟದ ಮೇಲ್ತುದಿಯ ಅರ್ಧ ಎಕರೆ ಜೌಗನ್ನು ಬಸಿದು ನಾವು ಅಡಿಕೆ ಹಾಕಿದೆವು. ಈಗ ಮಾರ್ಚ್ ಕಳೆಯುವ ಮೊದಲೇ ಕೆಳಗಿನ ಕೆರೆ ತಳ ಕಾಣುತ್ತದೆ. ಹೂಮಳೆ ತಪ್ಪಿದ ವರ್ಷ ಕಾಫಿಗೆ ಹಾರಿಸಲು ನೀರಿಲ್ಲ. ಬೋರು ಕೊರೆಸಿದ ಸಾಲ ಸಂಘದ ಪುಸ್ತಕದಲ್ಲೇ ಇದೆ. ಯಾರು ಬೇಕಾದರೂ ನೋಡಬಹುದು. ಅರ್ಧ ಎಕರೆಯ ಅಡಿಕೆ ಆ ಸಾಲದ ಬಡ್ಡಿಗೂ ಸಾಲದು.

ಅಲ್ಲಿಯ ಕಂಪೆನಿ ಸೋತದ್ದು ಜೌಗಿನ ಪುಣ್ಯ. ನಮ್ಮ ಜಡ್ಡಿಗಳು ಸಣ್ಣವು, ಜೆಸಿಬಿಗೆ ಎರಡು ದಿನದ ಕೆಲಸ. ಇಲ್ಲಿ ನಾವು ಗೆದ್ದುಬಿಡುತ್ತೇವೆ. ಅದೇ ಅಪಾಯ.

ಜೌಗು ಬಸಿಯುವ ಕೆಲಸಕ್ಕೆ ಸಂಘದಿಂದ ಸಾಲ ಕೊಡಬಾರದೆಂಬ ವಿಷಯವನ್ನು ಮುಂದಿನ ಮಹಾಸಭೆಯ ಮುಂದಿಡಬೇಕೆಂದಿದ್ದೇವೆ. ಒಪ್ಪದವರೂ ಇರಬಹುದು. ಬರುವ ಮುನ್ನ ತಮ್ಮ ತಮ್ಮ ಕೆರೆಯ ನೀರು ಎಲ್ಲಿಂದ ಬರುತ್ತದೆಂದು ಒಮ್ಮೆ ನಡೆದು ನೋಡಿ ಬರಬೇಕಾಗಿ ಕೋರಿಕೆ.

— ಕಾರ್ಯದರ್ಶಿ