ತಲೆ ಸ್ಕ್ಯಾನ್ ಮಾಡಿಸಿದರೆ ಬೇಸರ ಕಾಣುತ್ತದೆಯೇ?

ರೊದ್ದಂ ಕಡೆ ಹೈಸ್ಕೂಲು ಹುಡುಗನೊಬ್ಬ ಊಟ ಬಿಟ್ಟು, ಆಟ ಬಿಟ್ಟು ಮೂಲೆ ಹಿಡಿದು ಕೂತರೆ ಹಿರಿಯರ ಬಾಯಲ್ಲಿ ಬರುವುದು ಎರಡೇ ಮಾತು. ಒಂದು, ‘ಸೋಮಾರಿತನ, ನಾಲ್ಕು ಬಿಗಿದರೆ ಸರಿಹೋಗ್ತಾನೆ’. ಇನ್ನೊಂದು, ಕೈಯಲ್ಲಿ ನಾಲ್ಕು ಕಾಸಿದ್ದವರದು: ‘ಹಿಂದೂಪುರಕ್ಕೋ ಬೆಂಗಳೂರಿಗೋ ಹೋಗಿ ತಲೆ ಸ್ಕ್ಯಾನ್ ಮಾಡಿಸಿ’. ಎರಡೂ ತಪ್ಪು ಅನ್ನುವುದು ಗಡಿಯ ಈಚೆ ಕನ್ನಡದಲ್ಲಿ ಪಾಠ ಹೇಳುವ ನಮ್ಮ ವಾದ.

ಮೊದಲ ಮಾತಿಗೆ ವಿಜ್ಞಾನವೇ ಉತ್ತರ ಕೊಟ್ಟಿದೆ. ಭಯ, ದುಃಖ, ಸಿಟ್ಟಿಗೆ ಸ್ಪಂದಿಸುವ ಅಮಿಗ್ಡಲದಂಥ ಭಾಗಗಳು ಹದಿಹರೆಯದಲ್ಲಿ ಬಲು ಚುರುಕು. ಅವಕ್ಕೆ ಲಗಾಮು ಹಾಕುವ, ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಖಿನ್ನತೆ ಇರುವವರಲ್ಲಿ ಈ ಭಾಗಗಳ ಕೆಲಸದಲ್ಲಿ ವ್ಯತ್ಯಾಸಗಳು ಕಂಡಿವೆ. ಅಂದಮೇಲೆ ಇದು ನಾಟಕವಲ್ಲ, ಬೆತ್ತಕ್ಕೆ ಬಗ್ಗುವಂಥದ್ದೂ ಅಲ್ಲ.

ಹಾಗಾದರೆ ಫೋಟೋ ತೆಗೆದು ನೋಡೋಣ ಅಂತೀರಾ? ತಾಳಿ. 2016ರಲ್ಲಿ ಎನಿಗ್ಮಾ ಎಂಬ ಅಂತಾರಾಷ್ಟ್ರೀಯ ತಂಡ ಖಿನ್ನತೆಯಿದ್ದ 1,728 ಜನರ ಮಿದುಳನ್ನು 7,199 ಆರೋಗ್ಯವಂತರ ಮಿದುಳಿನೊಂದಿಗೆ ಹೋಲಿಸಿತು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗ ಖಿನ್ನರಲ್ಲಿ ಚಿಕ್ಕದಿತ್ತು, ನಿಜ. ಎಷ್ಟು? ಸರಾಸರಿ ಶೇ. 1ರ ಆಸುಪಾಸು! ‘ಎ’ ಸೆಕ್ಷನ್ನಿನ ಸರಾಸರಿ ಎತ್ತರ ‘ಬಿ’ ಸೆಕ್ಷನ್ನಿಗಿಂತ ಅರ್ಧ ಇಂಚು ಕಡಿಮೆ ಅಂದುಕೊಳ್ಳಿ. ಬಾಗಿಲಲ್ಲಿ ನಿಂತ ಹುಡುಗನನ್ನು ಅಳೆದು ಅವನು ಯಾವ ಸೆಕ್ಷನ್ ಅಂತ ಹೇಳಲಾದೀತೇ? ಸ್ಕ್ಯಾನಿನ ಕಥೆಯೂ ಅಷ್ಟೇ. ಫಿಟ್ಸ್, ತಲೆಗೆ ಪೆಟ್ಟು, ಗಡ್ಡೆಯ ಅನುಮಾನ ಇದ್ದರೆ ವೈದ್ಯರೇ ಬರೆದುಕೊಡುತ್ತಾರೆ, ಮಾಡಿಸಿ. ಒಬ್ಬ ಹುಡುಗನಿಗೆ ಖಿನ್ನತೆ ಇದೆಯೋ ಇಲ್ಲವೋ ಅನ್ನುವುದನ್ನು ಮಾತ್ರ ಇಂದಿಗೂ ಯಾವ ಸ್ಕ್ಯಾನೂ ಹೇಳುವುದಿಲ್ಲ.

ಮತ್ತೆ ಹೇಳುವುದು ಯಾವುದು? ಮಾತು! ಎರಡು ವಾರದಿಂದ ನಿದ್ದೆ ಹೇಗಿದೆ, ಹಸಿವು ಹೇಗಿದೆ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆಯೇ, ಸಾಯಬೇಕು ಅನಿಸಿದೆಯೇ ಎಂದು ಕೂರಿಸಿಕೊಂಡು ಕೇಳಬೇಕು. ಯಾವ ಭಾಷೆಯಲ್ಲಿ? ಇಲ್ಲೇ ಇರುವುದು ನಮ್ಮ ತಕರಾರು. ಕನ್ನಡದ ಮಗು ‘ಖಿನ್ನತೆ’ ಅನ್ನುವುದಿಲ್ಲ, ‘ಯಾಕೋ ಬ್ಯಾಸ್ರ, ಏನೂ ಬ್ಯಾಡ’ ಅನ್ನುತ್ತದೆ. ತೆಲುಗಿನಲ್ಲಿ ಕೇಳಿದರೆ ತಲೆಯಾಡಿಸಿ ಸುಮ್ಮನಾಗುತ್ತದೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ 12 ರಾಜ್ಯಗಳಲ್ಲಿ ಆಂಧ್ರವೂ ಇರಲಿಲ್ಲ, ಕರ್ನಾಟಕವೂ ಇರಲಿಲ್ಲ. ಗಡಿಯ ಮಕ್ಕಳನ್ನು ಲೆಕ್ಕ ಹಿಡಿದವರು ಯಾರು, ನೀವೇ ಹೇಳಿ.

ದಾರಿ ಇಲ್ಲವೆಂದಲ್ಲ. ಹಳೆಯ ಅನಂತಪುರ ಜಿಲ್ಲೆಗೆ ಅಂಟಿಕೊಂಡ ಬಳ್ಳಾರಿಯಲ್ಲಿ 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ ತರಬೇತಿ ಕೊಟ್ಟರು. ಅದೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಪಕ್ಕದೂರಲ್ಲಿ ಹುಟ್ಟಿದ ಪಾಠ ನಮ್ಮ ಶಾಲೆಗಳಿಗೆ ಯಾಕೆ ಬರಬಾರದು? ಕನ್ನಡ ಬಲ್ಲ ಒಬ್ಬ ಆಪ್ತಸಮಾಲೋಚಕರನ್ನು ಮಂಡಲಕ್ಕೊಬ್ಬರಂತೆ ಕೊಡಿ ಎಂದು ಅಧಿಕಾರಿಗಳನ್ನು ಕೇಳುತ್ತೇವೆ, ಕೇಳುತ್ತಲೇ ಇರುತ್ತೇವೆ.

ಅಲ್ಲಿಯವರೆಗೆ ಪ್ರತಿ ಶಾಲೆಯ ಗೋಡೆಯ ಮೇಲೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಎರಡೂ ಭಾಷೆಯಲ್ಲಿ ಬರೆಸಿ. 2022ರಲ್ಲಿ ಶುರುವಾದದ್ದು, ಪುಕ್ಕಟೆ. ಮಗು ಸಾವಿನ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ, ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸ್ಕ್ಯಾನಿಗೆ ಸಾಲ ಮಾಡುವ ಮೊದಲು ಮಗುವಿನ ಪಕ್ಕ ಕೂತು ‘ಏನಾಯ್ತಪ್ಪಾ?’ ಅಂತ ಕೇಳಿ. ಅದಕ್ಕೆ ದುಡ್ಡು ಬೇಕಾಗಿಲ್ಲ.