ಸಾಕುಬೆಕ್ಕಿನ ಹಲ್ಲು ಮತ್ತು ನಮ್ಮ ಮನೆಮದ್ದು

ಬೆಕ್ಕಿನ ಹಲ್ಲನ್ನು ಮನುಷ್ಯನು ಉಜ್ಜಬೇಕೆಂದರೆ ನಮ್ಮವರಲ್ಲಿ ಹೆಚ್ಚಿನವರು ನಕ್ಕುಬಿಡುತ್ತಾರೆ. ನಸುಕಿನ ನಾಲ್ಕು ಗಂಟೆಗೆ ಎದ್ದು ಇಡ್ಲಿಯ ಒಲೆ ಹೊತ್ತಿಸುವವನಿಗೂ ಕಲ್ಯಾಣದಿಂದ ನೂಕುನುಗ್ಗಲಿನ ಲೋಕಲು ಹಿಡಿದು ಕಚೇರಿಗೆ ಓಡುವ ಗುಮಾಸ್ತನಿಗೂ ತಮ್ಮ ಹಲ್ಲಿನ ಚಿಂತೆಗೇ ಪುರುಸೊತ್ತಿಲ್ಲದಿರುವಾಗ ಈ ಹೊಸ ಉಪದ್ವ್ಯಾಪವೇಕೆಂಬ ಪ್ರಶ್ನೆ ಸಹಜವೇ. ಆದರೂ ಠಾಣೆ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ನಮ್ಮ ಬಂಧುಗಳ ಒಂದೆರಡು ಕೋಣೆಯ ಮನೆಗಳಲ್ಲಿ ಬೆಕ್ಕೊಂದು ಕುಟುಂಬದ ಸದಸ್ಯನಂತೆ ಬೆಳೆಯುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಅದರ ಬಾಯಿ ಕೆಟ್ಟಾಗ ಪ್ರೀತಿಯಿಂದಲೇ ಮಾಡುವ ಉಪಚಾರವು ಹಲವು ವೇಳೆ ರೋಗಕ್ಕಿಂತ ಘಾತಕವಾಗುತ್ತದೆ. ಇದೇ ಕಾರಣದಿಂದ ಈ ವಿಷಯವನ್ನು ನಗೆಗೆ ಬಿಡಲು ನಾವು ಸಿದ್ಧರಿಲ್ಲ.

ಊರಿನಲ್ಲಿ ಅಜ್ಜಿಯ ಬೆಕ್ಕಿಗೆ ಯಾರು ಹಲ್ಲುಜ್ಜಿದ್ದರು ಎಂಬ ಮಾತು ಎಲ್ಲಕ್ಕಿಂತ ಮೊದಲು ಬರುತ್ತದೆ. ಬೇಟೆಯಾಡಿ ತಿನ್ನುವ ಬೆಕ್ಕಿನ ಬಾಯಿ ತಾನಾಗಿಯೇ ಶುದ್ಧವಾಗಿರುತ್ತದೆಂಬುದು ಆ ಮಾತಿನ ಹಿಂದಿರುವ ನಂಬಿಕೆ. ದಕ್ಷಿಣ ಆಫ್ರಿಕಕ್ಕೆ ಸೇರಿದ ಮರಿಯನ್ ದ್ವೀಪಕ್ಕೆ 1949ರ ಸುಮಾರಿಗೆ ಇಲಿಗಳ ಕಾಟ ತಪ್ಪಿಸಲೆಂದು ಐದು ಬೆಕ್ಕುಗಳನ್ನು ಒಯ್ದಿದ್ದರು. ಅವುಗಳ ಸಂತತಿ ಕಾಡುಪಾಲಾಗಿ ಸಾವಿರಗಟ್ಟಲೆ ಬೆಳೆದು ಕಡಲಹಕ್ಕಿಗಳನ್ನು ಕೊಂದು ತಿಂದು ಬದುಕಿತು; 1991ರ ಹೊತ್ತಿಗೆ ಅವನ್ನು ದ್ವೀಪದಿಂದ ನಿರ್ಮೂಲ ಮಾಡಲಾಯಿತು. ಆ ಬೆಕ್ಕುಗಳ 301 ತಲೆಬುರುಡೆಗಳನ್ನು ಪರೀಕ್ಷಿಸಿದ ತಜ್ಞರು 1996ರಲ್ಲಿ ಪ್ರಕಟಿಸಿದ ವರದಿಯಂತೆ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಒಸಡಿನ ರೋಗವು ದವಡೆಯ ಎಲುಬಿನವರೆಗೆ ಇಳಿದಿತ್ತು. ಅನ್ನ, ಹಾಲು ಯಾವುದನ್ನೂ ಕಾಣದ ಬೆಕ್ಕುಗಳ ಪಾಡೇ ಇದು! ಅಜ್ಜಿಯ ಬೆಕ್ಕಿಗೂ ಹಲ್ಲು ನೊಂದಿರಬಹುದು. ಅದು ಮೂಲೆ ಸೇರಿ ಒಂದು ದಿನ ಕಾಣೆಯಾದಾಗ 'ಎಲ್ಲಿಗೋ ಹೋಯಿತು' ಎಂದು ನಾವು ಮಾತು ಮುಗಿಸುತ್ತಿದ್ದೆವು.

ಬೆಳೆದ ಬೆಕ್ಕಿಗೆ 30 ಹಲ್ಲುಗಳು. ತಿಂದ ಆಹಾರದ ಮೇಲೆ ಸೂಕ್ಷ್ಮಜೀವಿಗಳು ಬೆಳೆದು ಹಲ್ಲಿಗೆ ಮೆತ್ತನೆಯ ಪಾಚಿ ಕಟ್ಟುತ್ತದೆ. ಅದನ್ನು ಬೆರಳಿನಿಂದಲೂ ಒರೆಸಬಹುದು. ಕೆಲವೇ ದಿನಗಳಲ್ಲಿ ಅದು ಗಟ್ಟಿಯಾಗಿ ಹಳದಿ ಕಿಟ್ಟವಾದ ಮೇಲೆ ಯಾವ ಬ್ರಷ್ಷಿಗೂ ಬಗ್ಗದು. ಒಸಡು ಕೆಂಪಾಗಿ ಊದುತ್ತದೆ, ಹಲ್ಲು ಅಲುಗುತ್ತದೆ. ಇದಲ್ಲದೆ ಬೆಕ್ಕುಗಳಲ್ಲಿ ಸಾಮಾನ್ಯವಾದ ಇನ್ನೊಂದು ವ್ಯಾಧಿಯಲ್ಲಿ ಹಲ್ಲು ಒಸಡಿನಂಚಿನಿಂದ ತಾನೇ ಕರಗುತ್ತ ಹೋಗುತ್ತದೆ. ಅದನ್ನು ಉಜ್ಜಿ ತಡೆಯಲಾಗದು. ಹಲ್ಲು ಕೀಳಿಸುವುದೊಂದೇ ಪರಿಹಾರ. ಇಷ್ಟು ನೋವಿದ್ದರೂ ಬೆಕ್ಕು ಕೂಗುವುದಿಲ್ಲ, ತಿನ್ನುವುದನ್ನು ಬಿಡುವುದೂ ಅಪರೂಪ. ನೋವನ್ನು ಮರೆಮಾಚುವುದು ಅದರ ಜಾತಿಧರ್ಮ. ಒಂದೇ ಪಕ್ಕದಿಂದ ಅಗಿಯುವುದು, ತುತ್ತನ್ನು ಕೆಳಗೆ ಬೀಳಿಸುವುದು, ಮೈ ನೆಕ್ಕಿಕೊಳ್ಳದೆ ಕೂದಲು ಗಂಟುಕಟ್ಟುವುದು, ಬಾಯಿಂದ ಕೊಳೆತ ವಾಸನೆ ಬರುವುದು, ಇವುಗಳಲ್ಲಿ ಒಂದು ಕಂಡರೂ ಸಾಕು. ಮೀನು ತಿಂದ ವಾಸನೆಯೆಂದು ತಳ್ಳಿಹಾಕತಕ್ಕುದಲ್ಲ.

ಇನ್ನು ನಮ್ಮ ಮನೆಮದ್ದಿನ ಮಾತು. ಹಲ್ಲುನೋವೆಂದರೆ ನಮ್ಮವರ ಕೈ ಮೊದಲು ಹೋಗುವುದು ಲವಂಗದ ಎಣ್ಣೆಯ ಸೀಸೆಗೆ. ಮನುಷ್ಯನಿಗೆ ಹಿತವಾದ ಈ ಎಣ್ಣೆಯ ಸತ್ವವನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಅದಕ್ಕೆ ಇದು ವಿಷ. ಇದಕ್ಕಿಂತಲೂ ಕ್ರೂರವಾದುದು ಪ್ಯಾರಾಸಿಟಮಾಲ್. ಜ್ವರಕ್ಕೂ ಮೈಕೈನೋವಿಗೂ ಪ್ರತಿ ಮನೆಯಲ್ಲಿ ಇರುವ 500 ಮಿಲಿಗ್ರಾಮಿನ ಆ ಗುಳಿಗೆ ಒಂದೇ ಒಂದು ಬೆಕ್ಕಿನ ಪ್ರಾಣ ತೆಗೆಯಬಲ್ಲದು. ರಕ್ತವು ಪ್ರಾಣವಾಯುವನ್ನು ಒಯ್ಯಲಾರದಂತಾಗಿ ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖವೂ ಪಾದಗಳೂ ಊದುತ್ತವೆ. ಅರಿಯದೆ ಕೊಟ್ಟಿದ್ದರೆ ಬೆಳಗಾಗಲೆಂದು ಕಾಯದೆ ವೈದ್ಯರ ಬಳಿಗೆ ಓಡಬೇಕು. ನಾವು ಉಜ್ಜುವ ಪೇಸ್ಟೂ ಕೂಡದು; ಬೆಕ್ಕಿಗೆ ಉಗುಳಲು ಬಾರದು, ಅದರಲ್ಲಿರುವ ಫ್ಲೋರೈಡ್, ನೊರೆಯ ಪದಾರ್ಥಗಳೆಲ್ಲ ಹೊಟ್ಟೆಗೆ ಹೋಗುತ್ತವೆ. ಉಪ್ಪು, ಅಡುಗೆ ಸೋಡಾ, ಇದ್ದಿಲುಪುಡಿ ಇವುಗಳನ್ನೂ ದೂರವಿಡತಕ್ಕದ್ದು. ಹೊಟೇಲಿನವರಿಗೆ ಇನ್ನೊಂದು ಮಾತು: ಬಾಯಿ ಹುಣ್ಣಾದ ಬೆಕ್ಕಿಗೆ ಮೆತ್ತಗಿರಲೆಂದು ಸಾಂಬಾರನ್ನ ಕಲಸಿ ಇಡುವುದುಂಟು. ನೀರುಳ್ಳಿ, ಬೆಳ್ಳುಳ್ಳಿ ಬೆಂದಿರಲಿ ಹಸಿಯಿರಲಿ, ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನೀರಲ್ಲಿ ಬೇಯಿಸಿ ಮುಳ್ಳು ತೆಗೆದ ಮೀನನ್ನು ಉಪ್ಪು ಮಸಾಲೆ ಸೋಂಕದಂತೆ ಕೊಡುವುದು ಅಷ್ಟೇನೂ ಕಷ್ಟವಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲ ದಿನವೇ ಬ್ರಷ್ಷು ಹಿಡಿದು ಬೆಕ್ಕನ್ನು ಅಮುಕಿ ಹಿಡಿಯುವವನಿಗೆ ಎರಡನೆಯ ದಿನ ಬೆಕ್ಕು ಸಿಕ್ಕದು. ಮೂರು ವಾರದ ಸಾವಧಾನ ಬೇಕು. ರಾತ್ರಿ ಕೆಲಸ ಮುಗಿಸಿ ಬಂದು ಅದಕ್ಕೆ ಊಟವಿಡುವ ಮುಂಚೆ ಕೆನ್ನೆ ಸವರಿ, ತುಟಿಯನ್ನು ಕ್ಷಣಮಾತ್ರ ಮೇಲೆತ್ತಿ ಬಿಡುವುದು, ಕೂಡಲೇ ತುತ್ತು ಕೊಡುವುದು. ಮೊದಲ ವಾರಕ್ಕೆ ಇಷ್ಟೇ. ಆಮೇಲೆ ಸಪ್ಪೆ ಮೀನುನೀರಿನಲ್ಲಿ ಅದ್ದಿದ ಬೆರಳು, ಅದರ ಮೇಲೆ ತೆಳುಬಟ್ಟೆ, ಕೊನೆಗೆ ಎಳೆಮಕ್ಕಳ ಮೃದುವಾದ ಚಿಕ್ಕ ಬ್ರಷ್ಷು. ಬಾಯಿ ತೆರೆಸುವ ಅಗತ್ಯವೇ ಇಲ್ಲ. ಕಿಟ್ಟ ಹೆಚ್ಚು ಕಟ್ಟುವುದು ಮೇಲಿನ ದವಡೆಹಲ್ಲುಗಳ ಹೊರಮೈಯಲ್ಲಿ. ಒಳಮೈಯನ್ನು ಅದರ ಒರಟು ನಾಲಗೆಯೇ ಬಹುಮಟ್ಟಿಗೆ ನೋಡಿಕೊಳ್ಳುತ್ತದೆ. ಒಂದು ಪಕ್ಕಕ್ಕೆ ಅರ್ಧ ನಿಮಿಷ ಸಾಕು. ನಿತ್ಯ ಉಜ್ಜುವುದು ಉತ್ತಮ, ವಾರಕ್ಕೆ ಮೂರು ಸಲವಾದರೂ ತಪ್ಪಬಾರದು. ಬೆಕ್ಕಿಗೆಂದೇ ಮಾಡಿದ ಪೇಸ್ಟು ಸಿಕ್ಕಿದರೆ ಒಳ್ಳೆಯದು, ಸಿಕ್ಕದಿದ್ದರೆ ನೀರೇ ಸಾಕು. ಕೆಲಸ ಮಾಡುವುದು ಉಜ್ಜುವಿಕೆ, ಪೇಸ್ಟಲ್ಲ. ಕಿವಿ ಹಿಂದಕ್ಕೆ ಮಡಿಸಿ ಬಾಲ ಬಡಿಯತೊಡಗಿದರೆ ಅಂದಿಗೆ ನಿಲ್ಲಿಸಬೇಕು. ಒಸಡು ಆಗಲೇ ಊದಿದ್ದರೆ ಉಜ್ಜುವುದಕ್ಕಿಂತ ಮುಂಚೆ ವೈದ್ಯರಿಗೆ ತೋರಿಸುವುದು ನ್ಯಾಯ. ನೊಂದ ಬಾಯಿಗೆ ಬ್ರಷ್ಷು ಹಾಕಿದರೆ ಜನ್ಮವಿಡೀ ಬ್ರಷ್ಷನ್ನು ದ್ವೇಷಿಸೀತು.

ಇದೆಲ್ಲ ಮನೆಯಲ್ಲೇ ಬೆಳೆದು ಚುಚ್ಚುಮದ್ದು ಹಾಕಿಸಿಕೊಂಡ ಬೆಕ್ಕಿನ ಮಾತು. ಹೊಟೇಲಿನ ಹಿತ್ತಿಲಿಗೆ ಬಂದು ಹೋಗುವ ಬೀದಿಬೆಕ್ಕಿನ ಬಾಯಿಗೆ ಯಾವ ಹುಡುಗನೂ ಕೈಹಾಕಬಾರದು. ಜೊಲ್ಲು ಸುರಿಸುತ್ತ ನುಂಗಲಾರದೆ ಇದ್ದಕ್ಕಿದ್ದಂತೆ ಸ್ವಭಾವ ಬದಲಾದ ಬೆಕ್ಕಿಗೆ ಹಲ್ಲುನೋವೆಂದು ಊಹಿಸುವುದು ಪ್ರಾಣಾಪಾಯಕರ. ಹುಚ್ಚುನಾಯಿಯ ರೋಗ ಬೆಕ್ಕಿನಿಂದಲೂ ತಗಲುತ್ತದೆ. ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಪಾಳಿ ಮುಗಿಯಲೆಂದು ತಡಮಾಡಬಾರದು, ಮಾಲೀಕರು ತಡೆಯಲೂಬಾರದು.

ಗಟ್ಟಿಯಾದ ಕಿಟ್ಟವನ್ನು ತೆಗೆಯುವುದು ವೈದ್ಯರ ಕೆಲಸ, ಅದೂ ಅರಿವಳಿಕೆ ಕೊಟ್ಟೇ ಆಗಬೇಕು. ಎಚ್ಚರವಿರುವ ಬೆಕ್ಕನ್ನು ಹಿಡಿದು ಕೆರೆದು ಕಳಿಸುವವರ ಅಗ್ಗದ ಮಾತಿಗೆ ಮರುಳಾಗಬಾರದು. ಹಲ್ಲು ಬೆಳ್ಳಗಾದೀತು, ಒಸಡಿನ ಒಳಗಿನ ರೋಗ ಅಲ್ಲಿಯೇ ಉಳಿಯುತ್ತದೆ. ಖರ್ಚಿಗೆ ಅಂಜುವವರು ಪರೇಲಿನ ಬಾಯಿ ಸಕ್ಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಬಹುದು. 1886ರಲ್ಲಿ ಸ್ಥಾಪನೆಯಾದ ಮುಂಬಯಿ ಪಶುವೈದ್ಯ ಕಾಲೇಜು ಇರುವುದೂ ಪರೇಲಿನಲ್ಲೇ. ಡೊಂಬಿವಲಿಯಿಂದ ನಿಧಾನ ಗಾಡಿ ಹಿಡಿದರೆ ನೇರವಾಗಿ ಅಲ್ಲಿಯೇ ಇಳಿಯಬಹುದು. ಬೆಕ್ಕಿಗಾಗಿ ಅರ್ಧ ದಿನದ ರಜೆ ಕೇಳಿದ ಕೆಲಸಗಾರನನ್ನು ಗಲ್ಲಾದ ಮುಂದೆ ನಿಲ್ಲಿಸಿ ಹಾಸ್ಯ ಮಾಡುವ ಮಾಲೀಕರು ನಮ್ಮವರಲ್ಲಿ ಇದ್ದಾರೆ. ಗಲ್ಲಾದ ಮೇಲೆ ಬಹುಕಾಲ ಕುಳಿತ ನಮಗೆ ಅರ್ಧ ದಿನದ ಲೆಕ್ಕ ಗೊತ್ತಿದೆ; ಅದರಿಂದ ಯಾವ ಹೊಟೇಲೂ ಮುಚ್ಚಿಲ್ಲ.